ಪಿಳ್ಳಂಗೋವಿ ದೊರೆಗೆ ಒಂದೇ ಮಾತಿನ ಉತ್ತರ

ಬ್ರಿಟಿಷರ ಕಾಲದಲ್ಲಿ ಹೊನ್ನಗುಡ್ಡವೆಂಬ ಪುಟ್ಟ ಸಂಸ್ಥಾನಕ್ಕೆ ಪಿಲ್ಕಿಂಗ್ಟನ್ ಎಂಬ ಏಜೆಂಟ್ ಬಂದಿಳಿದ. ಊರವರ ನಾಲಗೆ ಆ ಹೆಸರಿಗೆ ಹೊರಳಲಿಲ್ಲ. ಸಂತೆ ಮುಗಿಯುವಷ್ಟರಲ್ಲಿ ಅವನು ಪಿಳ್ಳಂಗೋವಿ ದೊರೆಯಾಗಿಬಿಟ್ಟಿದ್ದ.

ದೊರೆಗೆ ಕುದುರೆಯ ಹುಚ್ಚು. ಅದಕ್ಕಿಂತ ಹೆಚ್ಚಾಗಿ ತನ್ನ ಭಾಷೆಯ ಹೆಮ್ಮೆ. ಊರ ಪಕ್ಕದ ದೊಡ್ಡಮ್ಮನ ಕೆರೆಯನ್ನು ಕಂಡದ್ದೇ, ಇದರ ನೀರು ಹೊರಬಿಟ್ಟು ಕುದುರೆ ಓಡಿಸುವ ಬಯಲು ಮಾಡುತ್ತೇನೆ ಎಂದ. ಕೆಳಗಿನ ಗದ್ದೆಗಳೆಲ್ಲ ಆ ಕೆರೆಯನ್ನೇ ನಂಬಿದ್ದವು. ರಾಜ ಕಸ್ತೂರಿ ನಾಯಕರು ಬೇಡವೆಂದು ಕೇಳಿಕೊಂಡರು. ದೊರೆ ಮೀಸೆ ತಿರುವುತ್ತ ತನ್ನ ದುಭಾಷಿ ವೆಂಕೋಜಿಯ ಬಾಯಲ್ಲಿ ಉತ್ತರ ಹೇಳಿಸಿದ.

"ಇನ್ನೊಬ್ಬರ ಬಾಯಿಂದ ಬಂದ ಅಹವಾಲು ನನಗೆ ರುಚಿಸುವುದಿಲ್ಲ. ನಿಮ್ಮ ಆಸ್ಥಾನದವರು ಯಾರಾದರೂ ಬೆಳಗಿನಿಂದ ಸಂಜೆಯವರೆಗೆ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡಲಿ. ಒಂದು ಉತ್ತರವೂ ತಪ್ಪಬಾರದು. ಗೆದ್ದರೆ ಕೆರೆಯ ಮೇಲಿನ ಹಕ್ಕು ಬಿಡುತ್ತೇನೆ. ಹುಣ್ಣಿಮೆಯವರೆಗೆ ಸಮಯವಿದೆ."

 ನಾಲ್ಕು ಭಾಷೆ ಬಲ್ಲ ಪಂಡಿತರೊಬ್ಬರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಆಗ ಎದ್ದು ನಿಂತವನು ಹಂಪಣ್ಣ. ರಾಜರಿಗೆ ಬೇಸರವಾದಾಗ ನಗಿಸುವುದೂ, ತಪ್ಪಿದಾಗ ನಗಿಸುತ್ತಲೇ ತಿದ್ದುವುದೂ ಅವನ ಕೆಲಸ. ಇಂಗ್ಲಿಷ್ ಮಾತ್ರ ಅವನಿಗೆ ಒಂದಕ್ಷರ ಬಾರದು.

ಇದಕ್ಕೆ ಎಷ್ಟು ಮಾತು ಕಲಿತಿರಬೇಕು ಎಂದು ಅವನು ವಿನಯದಿಂದ ವಿಚಾರಿಸಿದ. ದೊರೆ ಹೊಟ್ಟೆ ಕುಲುಕಿಸಿ ನಕ್ಕು, ಒಂದೇ ಮಾತಿನಲ್ಲಿ ದಿನ ದೂಡುವ ಧೀರನಿದ್ದರೆ ಅದಕ್ಕೂ ತನ್ನ ಒಪ್ಪಿಗೆ ಇದೆ ಎಂದ. ತಾನಾಡುವುದನ್ನು ವೆಂಕೋಜಿ ಕನ್ನಡದಲ್ಲಿ ತಿಳಿಸಲಿ ಎಂದೂ ಉದಾರವಾಗಿ ಒಪ್ಪಿಕೊಂಡ.

ರಾಜರು ಹಂಪಣ್ಣನನ್ನು ಪಕ್ಕಕ್ಕೆ ಕರೆದರು. "ಕೆರೆ ಹೋದರೆ ಗದ್ದೆ ಹೋಯಿತು. ಗದ್ದೆ ಹೋದರೆ ಜನ ಗುಳೆ ಹೋಗುತ್ತಾರೆ. ಆಮೇಲೆ ನಾನು ಯಾರಿಗೆ ರಾಜ?"   

ಅಂದಿನಿಂದ ಹಂಪಣ್ಣ ವೆಂಕೋಜಿಯ ಜೊತೆ ಎಲೆಅಡಿಕೆಯ ಸ್ನೇಹ ಬೆಳೆಸಿದ. ನಿಮ್ಮ ದೊರೆ ಯಾವ ಮಾತನ್ನು ಹೆಚ್ಚು ಆಡುತ್ತಾನೆ ಎಂದು ಕೇಳಿದ. ವೆಂಕೋಜಿ ಯೋಚಿಸದೆಯೇ 'ರೈಟ್' ಎಂದ. ಹಾಗೆಂದರೇನು? ಅದೊಂದು ದೊಡ್ಡ ತಲೆನೋವು ಮಾರಾಯ, ಎಂದು ವೆಂಕೋಜಿ ನಿಟ್ಟುಸಿರುಬಿಟ್ಟ. ಬಲಗಡೆಗೂ ರೈಟ್ ಅನ್ನುತ್ತಾರೆ, ಸರಿ ಎನ್ನುವುದಕ್ಕೂ ರೈಟ್, ಹಕ್ಕಿಗೂ ರೈಟ್. ಸಾಲದ್ದಕ್ಕೆ 'ಬರೆ' ಎನ್ನುವುದಕ್ಕೂ ಕಿವಿಗೆ ಕೇಳುವುದು ಅದೇ ರೈಟ್. ಹಂಪಣ್ಣ ಖುಷಿಯಲ್ಲಿ ಸುಣ್ಣ ಹಚ್ಚುವುದನ್ನೇ ಮರೆತು ಎಲೆ ಬಾಯಿಗಿಟ್ಟ.

ಹುಣ್ಣಿಮೆಯ ಬೆಳಿಗ್ಗೆ ದೊರೆ ವೆಂಕೋಜಿಯೊಡನೆ ಸಾರೋಟಿನಲ್ಲಿ ಕೂತ. ಹಂಪಣ್ಣ ಗಾಡಿಯವನ ಪಕ್ಕ ಕೂತ. ಕೆರೆ ನೋಡಲು ಹೊರಡೋಣವೇ ಎಂದು ದೊರೆ ಕೇಳಿದ. "ರೈಟ್" ಎಂದ ಹಂಪಣ್ಣ. ಗಾಡಿ ಹೊರಟಿತು.

ಕೆರೆಯ ದಾರಿ ಚೌಕದಲ್ಲಿ ಎಡಕ್ಕೆ ಸಿಗುತ್ತದೆ. ಇವನು ಕಲಿತ ಒಂದೇ ಮಾತು ಅದೆಂದೂ, ಎಡಕ್ಕೆ ಇವನ ಬಳಿ ಮಾತೇ ಇಲ್ಲವೆಂದೂ ಊಹಿಸಿದ ದೊರೆ, ಯಾವ ಕಡೆ ಹೋಗಬೇಕೆಂದು ಬೇಕಂತಲೇ ಕೇಳಿದ. ಹಂಪಣ್ಣ ಚೌಕವನ್ನು ನೇರ ದಾಟಲು ಬಿಟ್ಟು, ಮುಂದಿನ ತಿರುವಿನಲ್ಲಿ "ರೈಟ್" ಎಂದ. ಗಾಡಿ ಗಾಣಿಗರ ಕೇರಿಗೆ ಹೊಕ್ಕಿತು. ಮತ್ತೆ "ರೈಟ್." ಕುಂಬಾರರ ಕೇರಿ ಬಂತು. ಇನ್ನೊಮ್ಮೆ "ರೈಟ್" ಎನ್ನುವಷ್ಟರಲ್ಲಿ ಅದೇ ಚೌಕ ಎದುರಾಯಿತು, ಅದರಾಚೆ ನೇರಕ್ಕೆ ಕೆರೆ ಥಳಥಳಿಸುತ್ತಿತ್ತು. ಮಡಕೆಗಳ ನಡುವೆ ಕುಲುಕಾಡಿದ ದೊರೆಯ ಟೋಪಿ ಕಿವಿಗಿಳಿದಿತ್ತು. ಆದರೆ ಉತ್ತರ ತಪ್ಪಿರಲಿಲ್ಲ.

ಮಧ್ಯಾಹ್ನ ಅರಮನೆಯಲ್ಲಿ ಊಟ. ದೊರೆ ಎಡಗೈಯಿಂದ ಒಬ್ಬಟ್ಟು ಎತ್ತಿಕೊಂಡ. ಬಡಿಸುವವರು ಬೆಚ್ಚಿ ನಿಂತರು. ಏನಾಯಿತು ಎಂದು ಅವನು ಕಣ್ಣರಳಿಸಿದಾಗ, ಹಂಪಣ್ಣ ಮೆಲ್ಲಗೆ "ರೈಟ್" ಎಂದ. ದೊರೆ ನಾಚಿ ಕೈ ಬದಲಿಸಿದ. ಆಮೇಲೆ ಮೆಣಸಿನಕಾಯಿ ಬಜ್ಜಿ ಕಚ್ಚಿ ಕೆಂಪುಕೆಂಪಾಗಿ, ನೀರೆಲ್ಲಿ, ನೀರೆಲ್ಲಿ ಎಂದು ಒದ್ದಾಡಿದ. "ರೈಟ್." ಬಲಗಡೆ ನೀರಿನ ಚೊಂಬೇ ಇತ್ತು. ಈ ಖಾರ ತಿನ್ನುವವರು ಮನುಷ್ಯರೇ ಅಲ್ಲ, ರಾಕ್ಷಸರು ಎಂದು ಗೊಣಗಿದ. ಅದಕ್ಕೂ ಹಂಪಣ್ಣ ತಲೆಬಾಗಿ "ರೈಟ್" ಎಂದ. ಪಂಕ್ತಿಯುದ್ದಕ್ಕೂ ನಗು ಹರಿಯಿತು. ರಾಜರು ಎಲೆಯ ಮೇಲೆ ಬಗ್ಗಿ ಮುಖ ಮರೆಸಿಕೊಂಡರು.

ಸಂಜೆ ತುಂಬಿದ ಸಭೆಯಲ್ಲಿ ದೊರೆ ಕೊನೆಯ ಬಾಣ ತೆಗೆದ. ಕೆರೆ ಎನ್ನದೆ ಉತ್ತರಿಸಲಾಗದ ಪ್ರಶ್ನೆಯೊಂದನ್ನು ಊಟದಿಂದಲೂ ಹೆಣೆಯುತ್ತಿದ್ದ.

"ನಾನು ಸೋತರೆ ಕಳೆದುಕೊಳ್ಳುವುದೇನು?"

ವೆಂಕೋಜಿ ಅದನ್ನು ಕನ್ನಡಕ್ಕಿಳಿಸಿದ.  ರಾಜರು ಕಣ್ಣು ಮುಚ್ಚಿದರು.

"ರೈಟ್."

ಹಕ್ಕು. ಕೆರೆಯ ಮೇಲಿನ ಹಕ್ಕು. ಪಂದ್ಯಕ್ಕಿಟ್ಟದ್ದು ಅದನ್ನೇ, ಇಟ್ಟವನು ತಾನೇ.  ದೊರೆ ಸೋತ ದನಿಯಲ್ಲಿ ಕೇಳಿದ.

"ಹಾಗಾದರೆ ನಾನೀಗ ಏನು ಮಾಡಬೇಕು?"

"ರೈಟ್."

ವೆಂಕೋಜಿ ಓಡಿಹೋಗಿ ಲೇಖನಿ ತಂದ. ದೊರೆ ಕೆರೆ ಬಿಟ್ಟುಕೊಟ್ಟೆನೆಂದು ಬರೆದ. ಸಹಿ ಯಾವ ಕಡೆ ಹಾಕಲಿ ಎಂದ.

"ರೈಟ್."

ಈ ಸಲ ಮೊದಲು ನಕ್ಕವನು ದೊರೆಯೇ. ಮೇಜು ಗುದ್ದಿ ಗುದ್ದಿ ನಕ್ಕ. ಸಹಿಯ ಬಾಲ ಕಾಗದ ದಾಟಿ ಮೇಜಿನ ಮೇಲೂ ಹೋಯಿತು. ಹೊಟ್ಟೆನೋವಿನ ಪಂಡಿತರೂ ಗುಣವಾಗಿ ಎದ್ದು ಬಂದು ನಕ್ಕರು.

ರಾಜರು ತಾವು ಹೊದ್ದಿದ್ದ ಶಾಲನ್ನೇ ತೆಗೆದು ಹಂಪಣ್ಣನಿಗೆ ಹೊದಿಸಿದರು. ನಾಳೆಯಿಂದ ಆಸ್ಥಾನದವರಿಗೆಲ್ಲ ನೀನೇ ಇಂಗ್ಲಿಷ್ ಕಲಿಸಬೇಕೆಂದು ಅಪ್ಪಣೆ ಮಾಡಿದರು.

ಹಂಪಣ್ಣ ಕೈಮುಗಿದ. "ಕಲಿಸುತ್ತಿದ್ದೆ ಮಹಾಸ್ವಾಮಿ. ಆದರೆ ನನಗೆ ಬರುತ್ತಿದ್ದ ಇಂಗ್ಲಿಷೆಲ್ಲ ಇವತ್ತೇ ಖರ್ಚಾಗಿ ಹೋಯಿತು."