ಅಂಬಿಗರ ಕೇರಿಗೆ ರೋಗವೇ ಇಲ್ಲವಂತೆ

ಬೊಮ್ಮನಾಯಕನೆಂಬ ಪಾಳೆಯಗಾರ ಹೊಳೆಯ ದಂಡೆಯಲ್ಲಿ ಒಂದು ಧರ್ಮಾಸ್ಪತ್ರೆ ಕಟ್ಟಿಸಿದ್ದ. ಔಷಧಿಗೆ ಕಾಸಿಲ್ಲ, ಜಾತಿ ಕೇಳುವವರಿಲ್ಲ. ನಾಡಿ ನೋಡುವುದು ಮಾತ್ರ ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ. ಬಿಸಿಲೇರಿದರೆ ಬಾಗಿಲು ಮುಚ್ಚಿಬಿಡುತ್ತಿತ್ತು. ಆಚೆ ದಡದ ಹಳ್ಳಿಗಳವರೆಲ್ಲ ನಸುಕಿನಲ್ಲೇ ದೋಣಿ ಹತ್ತಿ ಬರುತ್ತಿದ್ದರು.

ಒಂದು ದಿನ ನಾಯಕನಿಗೆ ಒಂದು ಸೋಜಿಗ ಕಂಡಿತು. ಎಲ್ಲ ಕಡೆಯಿಂದಲೂ ರೋಗಿಗಳು ಬರುತ್ತಾರೆ, ಆಸ್ಪತ್ರೆಯ ಮಗ್ಗುಲಲ್ಲೇ ಇರುವ ಅಂಬಿಗರ ಕೇರಿಯಿಂದ ಮಾತ್ರ ಒಬ್ಬರೂ ಬರುವುದಿಲ್ಲ. ಸಭೆ ಸೇರಿತು. ಹಿರಿಯರೆಲ್ಲ ತಲೆ ತುರಿಸಿಕೊಂಡು, ಆ ಕೇರಿಗೆ ರೋಗವೇ ಬರುವುದಿಲ್ಲವೆಂದು ತೀರ್ಮಾನಿಸಿದರು. ಮೀನು ತಿನ್ನುವುದರಿಂದ ಎಂದ ಒಬ್ಬ. ಹೊಳೆಯ ಗಾಳಿಯಿಂದ ಎಂದ ಇನ್ನೊಬ್ಬ. ದೊಡ್ಡವರು ಕೂತರೆ ಕಾರಣಗಳಿಗೇನು ಬರ? ಆ ಗುಟ್ಟು ತಿಳಿದು ಬನ್ನಿ ಎಂದು ನಾಯಕ ಹಿರಿಯ ವೈದ್ಯ ಮರಿಯಪ್ಪ ಪಂಡಿತರನ್ನು ಕಳಿಸಿದ.

ಯಾವುದೋ ಹೊಸ ಬೇರು ಸಿಕ್ಕೀತೆಂಬ ಉಮೇದಿನಲ್ಲಿ ಪಂಡಿತರು ಹೊರಟರು. ಮೊದಲ ಗುಡಿಸಿಲಿನಲ್ಲೇ ದೋಣಿ ನಡೆಸುವ ಸಂಕವ್ವನ ಮಗಳು ಹೊನ್ನಿ ಜ್ವರದಿಂದ ಮಲಗಿದ್ದಳು. ಮೈ ಕೆಂಡವಾಗಿತ್ತು. ಪಕ್ಕದಲ್ಲಿ ಅಜ್ಜ ಬಿಡದೆ ಕೆಮ್ಮುತ್ತಿದ್ದ. ಇನ್ನೂ ತಡವಾದರೆ ಹುಡುಗಿ ಉಳಿಯುವಂತಿರಲಿಲ್ಲ. ಕಷಾಯ ಕುಡಿಸುತ್ತಲೇ ಅವರು ಕೇಳಿದರು: "ಇಷ್ಟು ಹತ್ತಿರ ಇದ್ದೂ ಯಾಕವ್ವಾ ಕರ್ಕೊಂಡು ಬರಲಿಲ್ಲ?"

"ನಿಮ್ಮ ರೋಗಿಗಳನ್ನ ದಾಟಿಸೋರು ನಾವೇ ಅಲ್ವಾ ಸ್ವಾಮಿ? ಕಡೇ ದೋಣಿ ಕಟ್ಟಿ ಬರೋ ಹೊತ್ತಿಗೆ ನಿಮ್ಮ ಬಾಗಿಲು ಹಾಕಿರ್ತದೆ," ಎಂದಳು ಸಂಕವ್ವ.

ಆ ಕೇರಿಯಲ್ಲಿ ಹೆಂಗಸರು ಗಂಡಸರೆನ್ನದೆ ಎಲ್ಲರೂ ದೋಣಿಯ ಹುಟ್ಟು ಹಾಕುವವರೇ. ಒಮ್ಮೆ ಬಾಗಿಲು ತಟ್ಟಿದ್ದಕ್ಕೆ, ಕಟ್ಟಳೆ ಎಲ್ಲರಿಗೂ ಒಂದೇ ಎಂದು ಕಾವಲುಗಾರ ಹಿಂದಕ್ಕೆ ಕಳಿಸಿದ್ದನಂತೆ.

ಸುದ್ದಿ ಕೇಳಿ ನಾಯಕ ತಲೆ ತಗ್ಗಿಸಿದ. ದೀಪದ ಬುಡದಲ್ಲೇ ಕತ್ತಲೆ ಇತ್ತು. ಇನ್ನು ಮುಂದೆ ಸಂಜೆಯೂ ಬಾಗಿಲು ತೆರೆಯಲಿ, ಡಂಗುರ ಸಾರಿಸಿ ಎಂದ. ಸಭೆಯೆಲ್ಲ ತಲೆದೂಗಿತು. ಪಂಡಿತರೊಬ್ಬರೇ ತಡೆದರು. "ಬುದ್ಧಿ, ಮೊದಲು ಸಂಕವ್ವನನ್ನ ಒಂದು ಮಾತು ಕೇಳೋಣ."

ಸಂಕವ್ವ ಬಂದು ಬಾಗಿಲ ಬಳಿಯೇ ನಿಂತಳು. "ಔಷಧಿ ತಗೊಂಡು ಬಿಸಿಲು ತಗ್ಗೋವರೆಗೂ ಕೂತಿರೋ ಅವರನ್ನೆಲ್ಲ ಸಂಜೆ ವಾಪಸು ದಾಟಿಸೋರೂ ನಾವೇ ಬುದ್ಧಿ. ಮಧ್ಯಾಹ್ನ ದೋಣಿ ಸುಮ್ಮನಿರ್ತದೆ."

ಹಾಗಾದರೆ ಮಧ್ಯಾಹ್ನವೂ ಬಾಗಿಲು ತೆರೆಯಲಿ ಎಂದ ನಾಯಕ. ಮಧ್ಯಾಹ್ನವಾದರೆ ನಾಡಿಯೇನೂ ಓಡಿಹೋಗುವುದಿಲ್ಲ ಎಂದು ಪಂಡಿತರೂ ಒಪ್ಪಿದರು. ನಾಯಕ ಅವಳಿಗೆ ಚಾಪೆ ಹಾಸಿಸಿದ. ಅಂದಿನಿಂದ ಸಭೆಯಲ್ಲಿ ರೋಗಿಗಳ ಕಡೆಯವರು ಕೂರದೆ ಆಸ್ಪತ್ರೆಯ ಯಾವ ಕಟ್ಟಳೆಯೂ ಆಗಲಿಲ್ಲ. ಹೊನ್ನಿ ಬದುಕಿದಳು.

ಮಧ್ಯಾಹ್ನದ ಸಾಲು ದಿನೇ ದಿನೇ ಬೆಳೆಯಿತು. ರಾಜ್ಯದಲ್ಲಿ ರೋಗ ಹೆಚ್ಚಿತಲ್ಲ ಎಂದು ಮಂತ್ರಿ ಪೇಚಾಡಿಕೊಂಡ.

"ರೋಗ ಮೊದಲೂ ಇತ್ತು ಮಂತ್ರಿಗಳೇ," ಎಂದ ನಾಯಕ. "ನಾವು ಕೇಳಿರಲಿಲ್ಲ."

ನೀತಿ: ಆಸ್ಪತ್ರೆಗೆ ಬಾರದವರೆಲ್ಲ ಆರೋಗ್ಯವಂತರೆಂದು ತಿಳಿಯಬಾರದು. ಎಲ್ಲರಿಗೂ ಒಂದೇ ಕಟ್ಟಳೆ ಮಾಡಿದ ಮಾತ್ರಕ್ಕೆ ಎಲ್ಲರಿಗೂ ನ್ಯಾಯ ಸಿಗುವುದಿಲ್ಲ. ಕಟ್ಟಳೆ ಮಾಡುವ ಮೊದಲು ರೋಗಿಯನ್ನು ಕೂರಿಸಿಕೊಂಡು ಕೇಳಬೇಕು.