ನೋಡದೆ ಹೇಳಿದ ಹೂ

ಶಿಷ್ಯ ಕೇಳಿದ: "ಗುರುಗಳೇ, ಮನೆಯಲ್ಲಿ ಒಬ್ಬರು ನರಳುತ್ತಿರುವಾಗ ಇನ್ನೊಬ್ಬರು ಸಂತೋಷಪಡುವುದು ಪಾಪವಲ್ಲವೇ?"

ಕೇಳಿದವನ ಹೆಸರು ಮರಿಬಸಪ್ಪ. ಶಾಲೆಯ ಮೇಷ್ಟರಾಗಿ ನಿವೃತ್ತನಾದವನು, ಎಪ್ಪತ್ತರ ಹತ್ತಿರದವನು. ದೀಪಾವಳಿಯಿಂದ ಅವನ ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವನು ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ಬರುತ್ತಿದ್ದ. ಮಾವು ಹೂಬಿಟ್ಟಿತ್ತು, ಬೇವು ಚಿಗುರಿತ್ತು. ಒಂದು ದಿನ ಏರಿಯ ಮೇಲೆ ತಾನು ಹಾಡು ಗುನುಗುತ್ತಿರುವುದು ಅವನಿಗೇ ಕೇಳಿಸಿ ನಾಚಿಕೆಯಾಯಿತು. ಅಂದಿನಿಂದ ನಡೆಯುವುದನ್ನೇ ಬಿಟ್ಟುಬಿಟ್ಟ. ಬಿಟ್ಟು ನಾಲ್ಕು ದಿನವಾಗಿತ್ತು.

"ತೀರ್ಪು ನೀನೇ ಕೊಟ್ಟುಕೊಂಡು, ಈಗ ಕೇಳಲು ಬಂದಿದ್ದೀಯ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ! ಇರಲಿ, ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಮುತ್ತುಗದ ಹೂ ಕುದಿಸಿ ಬಟ್ಟೆಗೆ ಹಳದಿ ಬಣ್ಣ ಹಾಕುವುದು ಅವನ ಕಸುಬು. ಮುತ್ತುಗ ಹೂಬಿಡುವುದು ವರ್ಷಕ್ಕೊಂದು ಸಲ, ಶಿವರಾತ್ರಿಯ ಆಸುಪಾಸಿನಲ್ಲಿ. ಯುಗಾದಿಯ ಹೊತ್ತಿಗೆ ಮುಗಿದುಹೋಗುತ್ತದೆ. ಆ ದಿನಗಳಲ್ಲಿ ಅವನ ಹೆಂಡತಿ ಬೆಳಕು ಹರಿಯುವ ಹೊತ್ತಿಗೆ ಕಾಡಂಚಿಗೆ ಹೋಗಿ, ಉದುರಿದ ಹೂವನ್ನು ಬಾಡುವ ಮುಂಚೆ ಆರಿಸಿ ತರುತ್ತಿದ್ದಳು. ಅವನು ಹಂಡೆಯ ಕೆಳಗಿನ ಉರಿ ಬಿಟ್ಟು ಏಳುವಂತಿರಲಿಲ್ಲ. ಅವಳು ಬಂದು ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಅವನು ಬುಟ್ಟಿಯೊಳಗೆ ನೋಡಿ, "ಇವತ್ತು ಕಡಿಮೆ" ಎನ್ನುತ್ತಿದ್ದ. ಹೀಗೆ ನಲವತ್ತು ವರ್ಷ ಕಳೆಯಿತು.

ವಯಸ್ಸಾದ ಮೇಲೆ ಅವನು ಕಸುಬನ್ನು ಅಳಿಯನಿಗೆ ಒಪ್ಪಿಸಿದ. ಆ ವರ್ಷ ಹೆಂಡತಿ ಅವನನ್ನು ಎಬ್ಬಿಸಿಕೊಂಡು ಹೋದಳು. ಬುಟ್ಟಿ ಬೇಡ, ಸುಮ್ಮನೆ ಬನ್ನಿ ಎಂದಳು. ಅವನು ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಇದಕ್ಕೆ ಒಂದು ಎಲೆಯೂ ಇಲ್ಲವಲ್ಲೇ!" ಎಂದ. ಜೀವಮಾನವೆಲ್ಲ ಆ ಹೂ ಕುದಿಸಿದವನಿಗೆ, ಮುತ್ತುಗ ಎಲೆ ಕಳಚಿಕೊಂಡು ಹೂಬಿಡುತ್ತದೆ ಎನ್ನುವುದು ಗೊತ್ತಿರಲಿಲ್ಲ. ನಂಬಲಾಗದಿದ್ದರೂ ನಂಬು, ಮರಿಬಸಪ್ಪ. ಅವಳು ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮುಂದೆ ಐದು ವಸಂತ ಇಬ್ಬರೂ ಒಟ್ಟಿಗೆ ನಡೆದರು. ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಹೋಗಿ ಬಂಡೆಯ ಮೇಲೆ ಕೂತು ತಿನ್ನುತ್ತಿದ್ದರು. ಅವರ ಬಾಳಿನ ಒಳ್ಳೆಯ ದಿನಗಳು ಅವೇ.

ಆರನೆಯ ವರ್ಷ ಅವಳ ಕಾಲು ಊದಿಕೊಂಡು ಏಳಲಾಗದೆ ಹೋಯಿತು. ಮುತ್ತುಗ ಹೂಬಿಟ್ಟಿದೆ ಎಂದು ಯಾರೋ ಹೇಳಿದರು. ಅವಳು ಗಂಡನನ್ನು ಕರೆದು, "ನೀವು ಹೋಗಿ ಬನ್ನಿ. ಬಂದು ನಂಗೆ ಹೇಳಿ. ನಾನೂ ಹೋಗಿ ಬಂದಂಗಾಗುತ್ತೆ" ಎಂದಳು.

ಮೊದಲ ದಿನ ಅವನು ಬಂದು, "ಹೂ ಬಿಟ್ಟಿದೆ" ಎಂದಷ್ಟೇ ಹೇಳಿದ. ಅವಳಿಗೆ ಅದು ಸಾಲಲಿಲ್ಲ. ಮಾರನೆಯ ದಿನ ಅವನು ಕಣ್ಣಿಟ್ಟು ನೋಡಿದ. ಗಿಳಿಯೊಂದು ಹೂ ಕಚ್ಚಿ ರಸ ಹೀರಿ ಬಿಸಾಕುವುದನ್ನು, ಆಡು ಕಾಯುವವಳು ಹೂ ಮುಡಿದುಕೊಂಡದ್ದನ್ನು ನೋಡಿ ಬಂದು ಹೇಳಿದ. ಅವಳು ಕಣ್ಣುಮುಚ್ಚಿ ಕೇಳಿದಳು. ಅವತ್ತು ಎರಡು ಗುಟುಕು ಗಂಜಿ ಹೆಚ್ಚು ಕುಡಿದಳು. ಆಮೇಲೆ ದಿನವೂ ಅವನು ನೋಡಿ ಬರುವುದು, ಅವಳು ಕೇಳುವುದು ನಡೆಯಿತು.

ಒಂದು ಸಂಜೆ ವೈದ್ಯರು ಅವನನ್ನು ಹೊರಗೆ ಕರೆದು, ಇನ್ನೊಂದು ಶಿವರಾತ್ರಿಯನ್ನು ಈಕೆ ಕಾಣುವುದು ಕಷ್ಟ ಎಂದರು. ಮಾರನೆಯ ಬೆಳಿಗ್ಗೆ ಮರದ ಕೆಳಗೆ ನಿಂತಿದ್ದಾಗ ಗಿಳಿ ಬಿಸಾಕಿದ ಹೂ ಅವನ ಬೋಳುತಲೆಯ ಮೇಲೆ ಬಿತ್ತು. ಅವನು ನಕ್ಕುಬಿಟ್ಟ. ಅಲ್ಲಿ ಅವಳು ಸಾಯುತ್ತಿರುವಾಗ ಇಲ್ಲಿ ತಾನು ಹಲ್ಲು ಕಿರಿಯುತ್ತಿದ್ದೇನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಅಂದಿನಿಂದ ಅವನು ಕಾಡಿನ ಕಡೆಗೆ ಹೋಗಲಿಲ್ಲ. ಎಂದಿನ ಹಾಗೆ ಮನೆಯಿಂದ ಹೊರಟು, ಊರಾಚೆಯ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದ. ಬಿಸಿಲೇರಿದ ಮೇಲೆ ಮುಖ ತೊಳೆದುಕೊಂಡು ಮನೆಗೆ ಬಂದು, ನೋಡದ ಗಿಳಿಯನ್ನೂ ನೋಡದ ಹೂವನ್ನೂ ಹೇಳುತ್ತಿದ್ದ. ಹೇಳುವುದು ಅಷ್ಟು ಹೊತ್ತಿಗೆ ಚೆನ್ನಾಗಿ ರೂಢಿಯಾಗಿತ್ತು. ಹೀಗೆ ಒಂಬತ್ತು ದಿನ ನಡೆಯಿತು.

ಹತ್ತನೆಯ ದಿನ ಅವನು ಹಾಸಿಗೆಯ ಪಕ್ಕದಲ್ಲಿ ಕಾಲು ಚಾಚಿ ಕೂತು ಹೇಳುತ್ತಿದ್ದ. ಮರದ ತುಂಬ ಹೂವಿದೆ, ನೆಲದ ಮೇಲೂ ಕಾಲಿಡಲು ಜಾಗವಿಲ್ಲ ಎಂದ. ಅವಳ ಕಣ್ಣು ಅವನ ಅಂಗಾಲಿನ ಮೇಲೆ ಬಿತ್ತು. ಹೂ ಉದುರುವ ದಿನಗಳಲ್ಲಿ ಬರಿಗಾಲಲ್ಲಿ ಆ ಮರದ ಕೆಳಗೆ ಹೋದವರ ಅಂಗಾಲು ಹಳದಿಯಾಗದೆ ಇರುವುದಿಲ್ಲ. ತೊಳೆದರೂ ಎರಡು ದಿನ ಹೋಗುವುದಿಲ್ಲ. ಅವನ ಅಂಗಾಲಿನಲ್ಲಿ ಬರೀ ಮಣ್ಣಿತ್ತು. ಬಣ್ಣ ಹಾಕಿಯೇ ಮುದುಕನಾದವನು, ಬಣ್ಣ ಅಂಟುತ್ತದೆ ಎನ್ನುವುದನ್ನೇ ಮರೆತಿದ್ದ.

"ಇಷ್ಟು ದಿನ ಎಲ್ಲಿ ಕೂತಿದ್ರಿ?" ಎಂದಳು.

ಅವನು ನಿಜ ಹೇಳಿದ. "ನೀನು ಹೀಗಿರುವಾಗ ನನಗೊಬ್ಬನಿಗೆ ಯಾಕೆ ಆ ಸುಖ ಅನ್ನಿಸಿತು ಕಣೇ" ಎಂದ. ಅವಳು ಬೈಯಲಿಲ್ಲ. ನಾಳೆ ಹೋಗಿ ಬನ್ನಿ ಎಂದಷ್ಟೇ ಹೇಳಿದಳು.

ಮಾರನೆಯ ದಿನ ಅವನು ಹೆಚ್ಚುಕಡಿಮೆ ಓಡುತ್ತಲೇ ಹೋದ. ನಡುವೆ ಒಂದು ಗಾಳಿಮಳೆ ಬಂದು ಹೋಗಿತ್ತು. ಮರದಲ್ಲಿ ಹೂವಿರಲಿಲ್ಲ. ಬಿದ್ದ ಹೂ ನೆಲದಲ್ಲಿ ಕಪ್ಪಾಗಿ ಕೊಳೆತಿತ್ತು. ಕೊಂಬೆಯಲ್ಲಿ ಹಸಿರು ಕಾಯಿ ಇಳಿಬಿದ್ದಿತ್ತು. ಗಿಳಿಗಳು ಬೇರೆ ಕಡೆಗೆ ಹೋಗಿದ್ದವು. ಅವನು ಸುತ್ತಲಿನ ಮರಗಳನ್ನೆಲ್ಲ ಒಂದೊಂದಾಗಿ ನೋಡಿ ಹಿಂದಿರುಗಿದ.

ಅವಳು ದಿಂಬಿಗೆ ಒರಗಿ ಕಾಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಅವಳು ಅವನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆಗೆ ಹೊರಳಿ ಮಲಗಿದಳು.

ಆಷಾಢದವರೆಗೆ ಅವಳು ಬದುಕಿದ್ದಳು. ಅವನು ಬೆಳಿಗ್ಗೆ ಹೊರಗೆ ಹೋಗಿ ಬಂದರೆ, ಏನು ಕಂಡಿರಿ ಎಂದು ಮತ್ತೆ ಯಾವತ್ತೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರಿಬಸಪ್ಪ ಕಣ್ಣೊರೆಸಿಕೊಂಡು, "ಅವನೇನು ಬೇಕೆಂದು ಮಾಡಿದನೇ, ಗುರುಗಳೇ? ಪಾಪ, ದುಃಖ ತಡೆಯಲಾರದೆ ಹಾಗೆ ಮಾಡಿದ" ಎಂದ.

ಗುರುಗಳು ಹೇಳಿದರು: "ದುಃಖ ಅವನದಾಗಿತ್ತು, ಮರಿಬಸಪ್ಪ, ವಸಂತ ಅವಳದಾಗಿತ್ತು."