ಗಂಟೆಗೆ ಸುತ್ತದ ಅರಿವೆ

ಹೊಳೆದಂಡೆಯ ಆಶ್ರಮ. ಬುದ್ಧಿ ಕದಡಿ ಮನೆ ಬಿಟ್ಟವರು, ದಾರಿ ತಪ್ಪಿದವರು ಸಿಕ್ಕರೆ ಅಲ್ಲಿಟ್ಟುಕೊಂಡು ಸಾಕುತ್ತಿದ್ದರು. ಒಬ್ಬರು ಸಿಕ್ಕರೆ ಊರಿಗೆ ಕೇಳುವಂತೆ ಒಮ್ಮೆ ಗಂಟೆ ಹೊಡೆಯುವುದು ಅಲ್ಲಿನ ಪದ್ಧತಿ.

ಶಿಷ್ಯ ಗುರುಪಾದ ಕಂಪ್ಯೂಟರ್ ಬಲ್ಲವ. ಸಿಕ್ಕವರ ಹೆಸರು ಅದರಲ್ಲಿ ಸೇವ್ ಆದೊಡನೆ ಮನೆಯವರ ಫೋನಿಗೆ ‘ನಿಮ್ಮವರು ಸಿಕ್ಕಿದ್ದಾರೆ, ಬನ್ನಿ’ ಎಂಬ ಮೆಸೇಜ್ ತಾನಾಗಿ ಹೋಗುವಂತೆ ಮಾಡಿದ್ದ. ಜಾಣನೇ, ಇಲ್ಲವೆನ್ನಲಿಕ್ಕಾಗದು.

ಆಮೇಲೆ ಹಿಂದೆ ಸಿಕ್ಕವರ ಹೆಸರಿದ್ದ ಹತ್ತು ವರ್ಷದ ಹಳೇ ದಫ್ತರವನ್ನೂ ಒಂದೇ ಏಟಿಗೆ ಅದರೊಳಗೆ ಸುರಿದ. ಸಾವಿರದ ಇನ್ನೂರು ಹೆಸರು. ಸಾವಿರದ ಇನ್ನೂರು ಮನೆಗೂ ಮೆಸೇಜ್ ಹೋಯಿತು.

ಕಳೆದುಹೋದವರು ಎಂದೋ ಮರಳಿದ್ದ ಮನೆಯವರು ಫೋನ್ ಮಾಡಿ ಬೈದಿಟ್ಟರು. ನೀಲವ್ವ ಮೊದಲ ಬಸ್ಸಿಗೇ ಬಂದಿಳಿದಳು. ಕೈಯಲ್ಲಿ ಮಗನ ಒಗೆದ ಅಂಗಿ.

“ನನ್ನ ಮುತ್ತಣ್ಣ ಎಲ್ಲದಾನಪಾ? ಆರು ವರ್ಷದ ಹಿಂದ ಇಲ್ಲೇ ಸಿಕ್ಕಿದ್ದ. ನಾ ಬರೂದ್ರಾಗ ಎದ್ದು ಹೋಗಿದ್ದ. ಈ ಸಲ ತಡಾ ಮಾಡಿಲ್ಲ ನೋಡು.”

ಗುರುಪಾದ ಗುರುಗಳ ಬಳಿ ಓಡಿದ.

“ಅಜ್ಜಾರ, ಕೆಟ್ಟೆ!” ಎಂದು ನಡೆದದ್ದೆಲ್ಲ ಹೇಳಿದ.

ಗುರುಗಳು ಕೇಳಿದರು: “ಅಮಾಸಿಗೆ ಹಳೇ ಹೆಸರು ಓದಿ ಒಂದೊಂದಕ್ಕೂ ಗಂಟಿ ಹೊಡಿಯುವಾಗ ಅದರ ನಾಲಗಿಗೆ ಅರಿವಿ ಯಾಕ ಸುತ್ತತೀವಿ?”

“ಯಾರೋ ಈಗ ಸಿಕ್ಕರು ಅಂತ ಜನ ಓಡಿ ಬರಬಾರದಂತ.”

“ಸುತ್ತಾಂವ ಯಾರು?”

“ನಾನ ರೀ.”

ಅಂದ ಮೇಲೆ ಗುರುಪಾದನಿಗೆ ತನ್ನ ತಪ್ಪು ತಿಳಿಯಿತು.

“ಮೆಸೇಜ್ ನಿಲ್ಲಿಸಿ ಹಳೇ ಹೆಸರು ಹಾಕಬೇಕಿತ್ತು. ಹೊಳೀಲಿಲ್ಲ ಅಜ್ಜಾರ. ಈಗ ‘ತಪ್ಪಾಗೇತಿ’ ಅಂತ ಎಲ್ಲಾರಿಗೂ ಇನ್ನೊಂದು ಮೆಸೇಜ್ ಕಳಸಲೇನ್ರಿ?”

“ಕಳಸು. ಬಸ್ ಹತ್ತಿದವ್ರಿಗೆ?”

ಹೊರಗೆ ನೀಲವ್ವ ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತು ಮಗನ ಹೆಸರು ಕೂಗುತ್ತಿದ್ದಳು. ಪಾಪ, ಒಳಗಿದ್ದವರಲ್ಲಿ ಒಬ್ಬ ಸುಮ್ಮನೆ ಓಗೊಟ್ಟ. ಅವಳು ಓಡಿದಳು. ಅವನಲ್ಲ.

ಗುರುಪಾದ ಕಿವಿ ಮುಚ್ಚಿಕೊಂಡು ಅತ್ತ.

“ಆಕಿಗೆ ನೀವ ಹೇಳ್ರಿ ಅಜ್ಜಾರ. ನನ್ನ ಕೈಲೆ ಆಗೂದಿಲ್ಲ.”

ಗುರುಗಳು ಎದ್ದು, ತಂಬಿಗೆಯಲ್ಲಿ ನೀರು ತುಂಬಿ ತಂದು ಅವನ ಕೈಗಿಟ್ಟರು.

“ಸಿಕ್ಕಾನಂತ ಎಲ್ಲಾರಿಗೂ ಒಂದೇ ಏಟಿಗೆ ಹೇಳಿದಿ. ಸಿಕ್ಕಿಲ್ಲ ಅನ್ನೂದನ್ನ ಒಬ್ಬೊಬ್ಬರ ಮಾರಿ ನೋಡಿ ಹೇಳಬೇಕು. ಮೊದಲ ಆಕಿಗೆ ನೀರು ಕೊಡು. ಹೋಗು, ಎರಡನೇ ಬಸ್ ಬರೂ ಹೊತ್ತಾತು.”